ನಲವತ್ತೊಂದನೆಯ ಕಂತು

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ, ನೀವು ನಗಬಾರದು. ದೆವ್ವದ ಸಿನಿಮಾ ಹಾಕಿದರೆ ನನಗೆ ನಿದ್ದೆ ಬರುತ್ತದೆ. ಬಿಳಿ ಸೀರೆ, ಕಿರ್ರೆನ್ನುವ ಬಾಗಿಲು, ತಾನಾಗಿ ತೂಗುವ ತೊಟ್ಟಿಲು, ಇವೆಲ್ಲ ಬಂದುಹೋಗುವಷ್ಟರಲ್ಲಿ ನನ್ನದೊಂದು ಸುತ್ತು ಗೊರಕೆ ಮುಗಿದಿರುತ್ತದೆ. ಆದರೆ ಟಿವಿಯಲ್ಲಿ ಒಳ್ಳೆಯ ಹಾಸ್ಯ ಧಾರಾವಾಹಿ ಶುರುವಾಯಿತೆನ್ನಿ, ನನ್ನ ಅಂಗೈ ಬೆವರುತ್ತದೆ. ‘ಒಳ್ಳೆಯ’ ಎಂದೆ, ಗಮನಿಸಿ. ಕೆಟ್ಟ ಹಾಸ್ಯ ಧಾರಾವಾಹಿಯ ಮುಂದೆ ನಾನು ಹುಲಿಯಂತೆ ಕೂರುತ್ತೇನೆ. ಅದು ಇನ್ನು ಕೆಡಲು ಏನು ಉಳಿದಿದೆ? ಚೆನ್ನಾಗಿರುವುದನ್ನು ಕಂಡಾಗಲೇ ಎದೆ ಡವಡವ ಅನ್ನುವುದು. ಇವತ್ತು ಇಷ್ಟು ನಗಿಸಿದರಲ್ಲ, ಮುಂದಿನ ವಾರ ಇವರ ಗತಿ ಏನು?

ನನ್ನ ಹೆಂಡತಿ ಶಾರದಾಳಿಗೆ ಈ ಸಂಕಟ ತಿಳಿಯುವುದೇ ಇಲ್ಲ. ಅವಳು ಹೊಟ್ಟೆ ಹಿಡಿದುಕೊಂಡು ನಗುವಾಗ ನಾನು ಪಕ್ಕದಲ್ಲಿ ಸೋಫಾದ ಕೈ ಗಟ್ಟಿಯಾಗಿ ಹಿಡಿದು ಕುಳಿತಿರುತ್ತೇನೆ. “ನಗೂ ಸೀರಿಯಲ್ ನೋಡಾಕ ಕುಂತು ಸತ್ತವರ ಮನ್ಯಾಗ ಕುಂತಂಗ ಕುಂದರ್ತೀರಲ್ರಿ! ನಿಮ್ಮ ಮಾರಿ ನೋಡಿದ್ರ ಬಂದ ನಗಿನೂ ವಾಪಸ್ ಹೋಗ್ತೈತಿ,” ಎನ್ನುತ್ತಾಳೆ. ಮಾರಿ ಎಂದರೆ ನಮ್ಮ ಕಡೆ ಮುಖ. ಆದರೂ ಅವಳು ಆ ಪದವನ್ನು ಹೇಳುವ ರೀತಿಯಲ್ಲಿ ಬೇರೆ ಅರ್ಥವೂ ಇದೆಯೇನೋ ಎಂಬ ಅನುಮಾನ ನನಗೆ ಮೂವತ್ತು ವರ್ಷದಿಂದ ಇದೆ.

ನನ್ನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಎಷ್ಟು ಧಾರಾವಾಹಿಗಳು ನನ್ನ ಕಣ್ಣೆದುರೇ ಹದಗೆಟ್ಟು ಹೋದವು! ಲಕ್ಷಣಗಳು ನನಗೆ ಬಾಯಿಪಾಠವಾಗಿವೆ. ಚೆನ್ನಾಗಿ ನಡೆಯುತ್ತಿದ್ದ ಮನೆಗೆ ಇದ್ದಕ್ಕಿದ್ದಂತೆ ದುಬೈಯಿಂದ ಒಬ್ಬ ಸೋದರಮಾವ ಬರುತ್ತಾನೆ. ಇಷ್ಟು ವರ್ಷ ಅವನ ಹೆಸರನ್ನು ಯಾರೂ ಎತ್ತಿರುವುದಿಲ್ಲ. ಅವನು ಬಂದ ದಿನವೇ ನಾನು ಶಾರದಾಳಿಗೆ, ‘ಮುಗೀತು, ಇನ್ನು ಇದರ ಆಸೆ ಬಿಡು’ ಎನ್ನುತ್ತೇನೆ. ತಿಂಗಳೊಳಗೆ ಇಡೀ ಸಂಸಾರ ಗೋವಾಕ್ಕೆ ಹೋಗಿ ಸಮುದ್ರದಲ್ಲಿ ಬಿದ್ದು ಒದ್ದಾಡುತ್ತದೆ. ಅಲ್ಲಿಂದ ಬಂದಮೇಲೆ ಮನೆಯ ಯಜಮಾನನಿಗೆ ತದ್ರೂಪಿ ಒಬ್ಬ ಸಿಗುತ್ತಾನೆ. ಆಮೇಲೆ ಯಾರಿಗೋ ನೆನಪು ಹೋಗುತ್ತದೆ. ಪಾತ್ರಕ್ಕೆ ನೆನಪು ಹೋಯಿತೆಂದರೆ ಬರೆಯುವವನಿಗೆ ಕತೆ ಮರೆತುಹೋಗಿದೆ ಎಂದೇ ತಿಳಿಯಬೇಕು. ಇದೆಲ್ಲ ನಡೆಯುವಾಗ ಹಿಂದಿನಿಂದ ಕೇಳಿಸುವ ಆ ಯಂತ್ರದ ನಗು ಇದೆಯಲ್ಲ, ಅದು ವಾರದಿಂದ ವಾರಕ್ಕೆ ಜೋರಾಗುತ್ತಾ ಹೋಗುತ್ತದೆ. ಮನೆಯಲ್ಲಿ ಯಾರೂ ನಗುತ್ತಿಲ್ಲ, ಟಿವಿಯೊಂದೇ ನಗುತ್ತಿದೆ. ಇದಕ್ಕಿಂತ ದೊಡ್ಡ ದೆವ್ವದ ಸಿನಿಮಾ ಉಂಟೇ, ನೀವೇ ಹೇಳಿ.

ಹಾಗೆ ಆಗುವ ಮೊದಲೇ ಮುಗಿದುಹೋದವುಗಳೂ ಕೆಲವು ಇವೆ. ಅವುಗಳನ್ನು ನೆನೆದರೆ ಕೈಮುಗಿಯಬೇಕೆನಿಸುತ್ತದೆ. ಒಂದು ಇತ್ತು, ಹೆಸರು ಹೇಳುವುದಿಲ್ಲ, ಹೇಳಿದರೆ ಇನ್ನೊಂದರ ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ. ಒಂದು ಸಣ್ಣ ಹೋಟೆಲಿನ ಕತೆ. ಮಾಲೀಕ ಪ್ರತಿ ಕಂತಿನಲ್ಲೂ ಅಡುಗೆಯವನನ್ನು ಬೈಯುವುದು, ಅಡುಗೆಯವನು ಕೆಲಸ ಬಿಡುತ್ತೇನೆಂದು ಸೌಟು ಎಸೆಯುವುದು, ಇಷ್ಟೇ. ಕೊನೆಯ ಕಂತಿನಲ್ಲಿ ಅಡುಗೆಯವನು ಚಹಾ ತಂದಿಟ್ಟ. ಮಾಲೀಕ ಕುಡಿದ. ‘ಸಕ್ಕರೆ ಕಡಿಮೆಯಾಯ್ತು’ ಎಂದ. ಅಡುಗೆಯವನು ಸಕ್ಕರೆ ತರಲು ಒಳಗೆ ಹೋದ. ಮುಗಿಯಿತು! ಶಾರದಾ ರಿಮೋಟ್ ಒತ್ತಿ ಒತ್ತಿ ನೋಡಿದಳು, ಕರೆಂಟು ಹೋಯಿತೇನೋ ಎಂದು. ನಾನು ಮಾತ್ರ ಎದ್ದು ನಿಂತುಬಿಟ್ಟಿದ್ದೆ. ಎಂಥ ಧೈರ್ಯ ಅದು! ಊರೆಲ್ಲ ಇನ್ನೂ ಬೇಕು, ಇನ್ನೂ ಬೇಕು ಎನ್ನುವಾಗ ಅಂಗಡಿ ಮುಚ್ಚುವುದು. ಆ ರಾತ್ರಿ ನಾನು ಹಾಯಾಗಿ ಮಲಗಿದೆ. ಇನ್ನು ಅದು ಕೆಡಲು ಸಾಧ್ಯವೇ ಇಲ್ಲವಲ್ಲ.

ಮುಗಿಯುವುದರ ಮೇಲೆ ನನಗೆ ಇಷ್ಟು ಪ್ರೀತಿ ಬರಲು ನನ್ನ ಉದ್ಯೋಗವೂ ಕಾರಣವಿರಬೇಕು. ಹಾವೇರಿಯ ಕೋರ್ಟಿನ ಎದುರು ನನ್ನ ಟೈಪಿಂಗ್ ಅಂಗಡಿ. ಅಜ್ಜ ಹಾಕಿದ ದಾವೆಗೆ ಮೊಮ್ಮಗ ಬಂದು ಅರ್ಜಿ ಟೈಪು ಮಾಡಿಸುತ್ತಾನೆ. ತಾರೀಖು ಬಿದ್ದು, ಮತ್ತೆ ತಾರೀಖು ಬಿದ್ದು, ವಾದಿ ಪ್ರತಿವಾದಿ ಇಬ್ಬರೂ ನನ್ನ ಅಂಗಡಿಯ ಒಂದೇ ಬೆಂಚಿನ ಮೇಲೆ ಕುಳಿತು ಎಲೆ ಅಡಿಕೆ ಹಂಚಿಕೊಳ್ಳುವ ಹಂತಕ್ಕೆ ಬಂದಿರುತ್ತಾರೆ. ಜಗಳ ಯಾಕೆ ಶುರುವಾಯಿತೆಂದು ಕೇಳಿದರೆ ಇಬ್ಬರೂ ಕಾಗದ ತೆಗೆದು ನೋಡಬೇಕು. ದಿನವಿಡೀ ಇಂಥ ಕೊನೆಯಿಲ್ಲದ ಕಂತುಗಳನ್ನೇ ಟೈಪು ಮಾಡುವವನಿಗೆ ‘ಮುಕ್ತಾಯ’ ಎಂಬ ಪದ ಕಂಡರೆ ಕಣ್ಣು ತಂಪಾಗುವುದು ಸಹಜ.

ನಮ್ಮ ಹಳಬರಿಗೆ ಇದೆಲ್ಲ ಗೊತ್ತಿತ್ತೆಂದು ನನಗೆ ಅನುಮಾನ. ರಸಗಳನ್ನು ಎಣಿಸುವಾಗ ಹಾಸ್ಯವನ್ನು ಎರಡನೆಯದಾಗಿ ಇಟ್ಟರು, ಭಯಾನಕವನ್ನು ಆರನೆಯದಾಗಿ. ಅದಾದಮೇಲೆ ಬೀಭತ್ಸ. ಪಂಡಿತರು ಇದಕ್ಕೆ ಏನೇನೋ ಕಾರಣ ಕೊಡುತ್ತಾರೆ. ನನಗೆ ಕಾಣುವುದು ಇಷ್ಟು: ಅವರು ಯಾವುದೋ ಹಾಸ್ಯ ಪ್ರಸಂಗವನ್ನು ನಿಲ್ಲಿಸಬೇಕಾದಲ್ಲಿ ನಿಲ್ಲಿಸದೆ ಎಳೆದಿದ್ದನ್ನು ಕಣ್ಣಾರೆ ನೋಡಿರಬೇಕು. ಮೊದಲು ನಕ್ಕರು, ಆಮೇಲೆ ಪಾಪ ಅನ್ನಿಸಿತು, ಆಮೇಲೆ ಸಿಟ್ಟು ಬಂತು, ಆಮೇಲೆ ಎದ್ದುಹೋಗಲು ವೀರರಸ ಬೇಕಾಯಿತು, ಹೋಗಲಾಗದೆ ಭಯವಾಯಿತು. ಕೊನೆಗೆ ಹೇಸಿಗೆ. ಕ್ರಮ ಸರಿಯಾಗಿದೆ ನೋಡಿ.

ಇಷ್ಟೊತ್ತು ನೋಡುಗನ ಮಾತಾಯಿತು. ಈಗ ನಿಜವಾದ ತಪ್ಪೊಪ್ಪಿಗೆ. ನಾನೂ ಒಂದು ಹಾಸ್ಯ ಧಾರಾವಾಹಿ ಬರೆದವನು.

ಹನ್ನೆರಡು ವರ್ಷದ ಹಿಂದಿನ ಮಾತು. ರಾಣೆಬೆನ್ನೂರಿನಲ್ಲಿ ಈರಣ್ಣ ಎಂಬ ಗೆಳೆಯನದೊಂದು ಸಣ್ಣ ಕೇಬಲ್ ಚಾನೆಲ್ ಇತ್ತು. ಅದು ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಮೂರೂ ಕಡೆ ಕಾಣುತ್ತಿತ್ತು. ಮದುವೆಯ ವಿಡಿಯೊ, ಭಜನೆ, ಅಂಗಡಿಗಳ ಜಾಹೀರಾತು ಹಾಕಿ ಹಾಕಿ ಬೇಸತ್ತ ಈರಣ್ಣ, “ಅರ್ಜಿ ಬರಿಯೂ ಕೈಲೆ ಒಂದ್ ಕಾಮಿಡಿ ಬರಿಯೋ ಮಾರಾಯ. ನಿನ್ನ ಅರ್ಜಿ ಓದಿದ್ರನ ನಗಿ ಬರ್ತೈತಿ,” ಎಂದ. ಬರೆದೆ. ಎಂಟು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುವ ಒಂದು ಓಣಿಯ ಕತೆ. ಆ ಓಣಿಯ ಕಾವಲುಗಾರ್ತಿ ನೀಲವ್ವ. ಮೊದಲು ನೀರಿನ ಸಪ್ಪಳ ಕೇಳುವುದು ಅವಳಿಗೆ, ಓಣಿಗೆಲ್ಲ ಕೂಗಿ ಹೇಳುವುದು ಅವಳು, ಸರತಿಯ ಜಗಳ ಬಗೆಹರಿಸುವವಳೂ ಹಚ್ಚುವವಳೂ ಅವಳೇ. ಆ ಪಾತ್ರ ಮಾಡಿದ್ದು ಬ್ಯಾಡಗಿಯ ಕಸ್ತೂರಕ್ಕ. ಅಂಗನವಾಡಿ ಟೀಚರು. ಮೂವತ್ತು ಮಕ್ಕಳ ಗದ್ದಲದ ಮೇಲೆ ಕೇಳಿಸಬೇಕಾದ ದನಿ ಅದು. ಅಂಥ ದನಿಗೆ ಮೈಕು ಕೊಟ್ಟರೆ ಏನಾಗಬಹುದೆಂದು ನಾವ್ಯಾರೂ ಯೋಚಿಸಿರಲಿಲ್ಲ.

ಮೊದಲ ಭಾನುವಾರ, ಬೆಳಗ್ಗೆ ಹತ್ತಕ್ಕೆ, ಕಂತು ಶುರುವಾಯಿತು. ಕಸ್ತೂರಕ್ಕ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು, “ನೀರ್ ಬಂತ್ರೇ ಯವ್ವಾ, ನೀರ್ ಬಂತೂ!” ಎಂದು ಕೂಗಿದಳು. ನಾನು ನಮ್ಮ ಮನೆಯಲ್ಲಿ ಬೆವರುತ್ತಾ ಕುಳಿತಿದ್ದೆ. ಹೊರಗೆ ಓಣಿಯಲ್ಲಿ ದಡದಡ ಸಪ್ಪಳ. ಕಿಟಕಿಯಿಂದ ನೋಡುತ್ತೇನೆ, ನಮ್ಮ ಓಣಿಯ ಹೆಂಗಸರೆಲ್ಲ ಕೊಡ, ಬಕೀಟು, ಕೈಗೆ ಸಿಕ್ಕ ಪಾತೇಲಿ ಹಿಡಿದು ನಲ್ಲಿಗಳ ಕಡೆ ಓಡುತ್ತಿದ್ದಾರೆ! ಯಾರದೋ ಮನೆಯ ಟಿವಿಯ ದನಿ ಬಾಗಿಲಾಚೆ ಕೇಳಿಸಿತ್ತು. ನೀರು ಬಂದು ಏಳು ದಿನವಾಗಿತ್ತು. ಯಾರಿಗೆ ತಾನೆ ತಡೆದೀತು? ನಲ್ಲಿಗಳು ಬರೀ ಉಸಿರು ಬಿಟ್ಟವು. ಮಧ್ಯಾಹ್ನ ಅಕಸ್ಮಾತ್ ಸೈಕಲ್ ಮೇಲೆ ಬಂದ, ನಲ್ಲಿಗೆ ನೀರು ಬಿಡುವ ವಾಲ್‌ಮನ್, ಪಾಪ, ತಾನು ಮಾಡದ ತಪ್ಪಿಗೆ ಬೈಸಿಕೊಂಡು ಹೋದ. ಬ್ಯಾಡಗಿಯಲ್ಲೂ ಹೀಗೇ ಆಯಿತಂತೆ. ಸಂಜೆಯ ಹೊತ್ತಿಗೆ ಸತ್ಯ ತಿಳಿದು ಊರೆಲ್ಲ ನಕ್ಕಿತು. ಶಾರದಾಳೂ ಕೊಡ ಹಿಡಿದು ಓಡಿದ್ದಳು ಎಂಬುದನ್ನು ಇಲ್ಲಿ ಬರೆಯಬಾರದೆಂದು ನನಗೆ ತಾಕೀತಾಗಿದೆ.

ನಲವತ್ತು ವಾರ ನಡೆಯಿತು. ಸಂತೆಯಲ್ಲಿ ಜನ ಕಸ್ತೂರಕ್ಕನನ್ನು ನಿಲ್ಲಿಸಿ ಮಾತಾಡಿಸುತ್ತಿದ್ದರು. ಕುಮಾರಪಟ್ಟಣದ ಫ್ಯಾಕ್ಟರಿಯವರು ಭಾನುವಾರದ ಪಾಳಿಯನ್ನು ಅದಲುಬದಲು ಮಾಡಿಕೊಂಡು ನೋಡುತ್ತಿದ್ದರಂತೆ. ನನಗೋ, ಹೊಗಳಿಕೆ ಹೆಚ್ಚಿದಷ್ಟೂ ನಿದ್ದೆ ಕಡಿಮೆಯಾಯಿತು. ಒಂದು ಬುಧವಾರ ಮಧ್ಯಾಹ್ನ, ಕೋರ್ಟಿನ ಊಟದ ವಿರಾಮದಲ್ಲಿ, ನಲವತ್ತೊಂದನೆಯ ಕಂತು ಬರೆಯಲು ಟೈಪ್ ಮಷೀನಿಗೆ ಹಾಳೆ ಏರಿಸಿದೆ. ಏನೂ ಹೊಳೆಯಲಿಲ್ಲ. ಬೆರಳುಗಳು ತಾವಾಗಿಯೇ ಒಂದು ಸಾಲು ಹೊಡೆದವು. ಓದಿ ನೋಡಿದೆ. ‘ನೀಲವ್ವನ ಅವಳಿ ತಂಗಿ ದುಬೈಯಿಂದ ಬರುತ್ತಾಳೆ.’

ನಾನು ಬೆಚ್ಚಿಬಿದ್ದೆ. ಸುಳ್ಳಲ್ಲ, ಕುರ್ಚಿಯಿಂದ ಎದ್ದು ಹೊರಗೆ ಹೋಗಿ ನಿಂತೆ. ಹಾಳೆಯನ್ನು ಚೂರು ಚೂರು ಮಾಡಿ ಹರಿದು ಈರಣ್ಣನಿಗೆ ಫೋನು ಮಾಡಿ, “ಇದ ಕೊನೀದು. ಮುಗಸೂಣು,” ಎಂದೆ. ಬರೆದಿಟ್ಟಿದ್ದ ನಲವತ್ತನೆಯ ಕಂತಿಗೇ ಒಂದು ಮುಕ್ತಾಯ ಅಂಟಿಸಿದೆ: ಓಣಿಯ ಮನೆಮನೆಗೂ ದಿನಾ ನೀರು ಬರುತ್ತದೆ, ಇನ್ನು ಯಾರೂ ಹೊರಗೆ ಬರುವುದಿಲ್ಲ, ನೀಲವ್ವ ಖಾಲಿ ಕೊಡ ಹಿಡಿದು ಒಬ್ಬಳೇ ನಿಲ್ಲುತ್ತಾಳೆ. ಕಸ್ತೂರಕ್ಕನನ್ನು ಕೇಳಲಿಲ್ಲ. ಉಳಿದವರನ್ನೂ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ಅಲ್ಲಿಂದ ಮುಂದೆ ನಡೆದದ್ದೇ ತಮಾಷೆ. ಜನ ನನ್ನನ್ನು ಜಾಣ ಎಂದರು! “ಹೆಂಗ ನಿಲ್ಲಿಸಿದ ನೋಡ್ರಿ, ಕೆಡಾಕ ಬಿಡಲಿಲ್ಲ,” ಎಂದು ಹಾವೇರಿಯ ಬಸ್ ನಿಲ್ದಾಣದಲ್ಲಿ ಗುರುತಿಲ್ಲದವರೂ ಕೈಕುಲುಕಿದರು. ಹೆದರಿ ಓಡಿಹೋದವನನ್ನು ಹಿಡಿದು ತಂದು ಸಂಯಮಿ ಎಂದು ಕೂರಿಸಿದಂತಾಯಿತು. ನಾನು ಇಲ್ಲ ಎನ್ನಲಿಲ್ಲ. ಹನ್ನೆರಡು ವರ್ಷ ಅದೇ ಮರ್ಯಾದೆಯ ಮೇಲೆ ಬದುಕಿದೆ. ಸಭೆಗಳಿಗೆ ಕರೆದರು, ಹೋದೆ. ‘ಯಾವುದನ್ನೂ ಸರಿಯಾದ ಹೊತ್ತಿಗೆ ನಿಲ್ಲಿಸಬೇಕು’ ಎಂದು ನಲವತ್ತೈದು ನಿಮಿಷ ಭಾಷಣ ಮಾಡಿದೆ.

ಹೋದ ಚಳಿಗಾಲದಲ್ಲಿ ರಾಣೆಬೆನ್ನೂರಿನ ಒಂದು ಸಂಘದವರು ಹಳೆಯ ತಂಡಕ್ಕೆಲ್ಲ ಸನ್ಮಾನ ಇಟ್ಟುಕೊಂಡರು. ಇಳಿಹೊತ್ತಿನ ಕಾರ್ಯಕ್ರಮ. ಏಲಕ್ಕಿ ಹಾರ ಹಾಕಿ, ಶಾಲು ಹೊದಿಸಿ, ಮಾತಾಡಿ ಎಂದರು. ನಾನು ನನ್ನ ಮಾಮೂಲಿ ಕತೆ ತೆಗೆದೆ. ಕೊನೆಯ ದೃಶ್ಯವನ್ನು ತೆಗೆದದ್ದು ಬ್ಯಾಡಗಿಯ ಒಂದು ಮೆಣಸಿನಕಾಯಿ ಗೋದಾಮಿನ ಹಿತ್ತಲಲ್ಲಿ. ನೀಲವ್ವ ಖಾಲಿ ಕೊಡ ಹಿಡಿದು ನಿಂತಾಗ ಕಸ್ತೂರಕ್ಕನ ಕಣ್ಣಿಂದ ಧಾರಾಕಾರ ನೀರು. ನೋಡಿದವರೆಲ್ಲ ಎಂಥ ಅಭಿನಯ, ಎಂಥ ಅಭಿನಯ ಎಂದರು. ನಿಜ ಏನೆಂದರೆ ಪಕ್ಕದಲ್ಲಿ ಹಮಾಲರು ಚೀಲ ಸುರಿಯುತ್ತಿದ್ದರು. ಮೆಣಸಿನಕಾಯಿ ಘಾಟಿಗೆ ನಾನೂ ಅಳುತ್ತಿದ್ದೆ, ಈರಣ್ಣನೂ ಅಳುತ್ತಿದ್ದ, ಕ್ಯಾಮೆರಾ ಒಂದೇ ಅಳದೆ ಉಳಿದದ್ದು! ಸಭೆ ಬಿದ್ದು ಬಿದ್ದು ನಕ್ಕಿತು. ವೇದಿಕೆಯ ಮೇಲೆ ನನ್ನ ಪಕ್ಕದಲ್ಲೇ ಕುಳಿತಿದ್ದ ಕಸ್ತೂರಕ್ಕ ಸೆರಗನ್ನು ಬಾಯಿಗೆ ಹಿಡಿದುಕೊಂಡಿದ್ದಳು. ನಗುತ್ತಿದ್ದಾಳೆ ಅಂದುಕೊಂಡೆ.

ಕಾರ್ಯಕ್ರಮ ಮುಗಿದು ಬಸ್ ನಿಲ್ದಾಣಕ್ಕೆ ಇಬ್ಬರೂ ನಡೆದು ಬಂದೆವು. ಅವಳಿಗೆ ಬ್ಯಾಡಗಿ ಬಸ್ಸು, ನನಗೆ ಹಾವೇರಿಯದು. ಕಲ್ಲುಬೆಂಚಿನ ಮೇಲೆ ಕುಳಿತು ಅವಳು ಹಾರದಿಂದ ಒಂದು ಏಲಕ್ಕಿ ಕಿತ್ತು ಬಾಯಿಗೆ ಹಾಕಿಕೊಂಡಳು. ದನಿ ಸ್ವಲ್ಪ ಒಡೆದಂತಿತ್ತು, ನೆಗಡಿ ಇರಬೇಕು ಎಂದುಕೊಂಡು ನಾನು ಅದಕ್ಕೆ ಗಮನ ಕೊಟ್ಟಿರಲಿಲ್ಲ.

“ಸರ, ಒಂದ್ ಮಾತ ಕೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಾ ಹುಟ್ಟಿದ್ದ ಎಲ್ಲಿ?”

“ಬ್ಯಾಡಗ್ಯಾಗ.”

“ಆರನೇ ಕ್ಲಾಸಿನಿಂದ ಲಗ್ನ ಆಗೂತನಾ ಸೂಟಿ ಬಿಟ್ಟಾಗೆಲ್ಲಾ ನಮ್ಮವ್ವನ ಜೋಡಿ ಕುಂತು ಮೆಣಸಿನಕಾಯಿ ತೊಟ್ಟು ಬಿಡಿಸೇನಿ. ಚೀಲದ ಮ್ಯಾಲ ಮಲಗೇನಿ. ಅವತ್ತ ಅವರು ಸುರಿಯಾಕತ್ತಿದ್ದು ಡಬ್ಬಿ ಕಾಯಿ ಸರ, ಬರೇ ಬಣ್ಣ, ಖಾರ ಇಲ್ಲ ಏನಿಲ್ಲ. ನೀವು ಹಾವೇರಿ ಮಂದಿ, ಕೆಮ್ಮತಿದ್ರಿ. ನನಗೆಲ್ಲಿ ಘಾಟು?” ಹಾರದಿಂದ ಇನ್ನೊಂದು ಏಲಕ್ಕಿ ಕಿತ್ತಳು. “ನಾ ಖರೇನ ಅಳತಿದ್ದೆ. ಮುಂದಿನ ಐತಾರ ಏನ್ ಮಾಡ್ಲಿ ಅಂತ.”

ಹನ್ನೆರಡು ವರ್ಷದಿಂದ ಊರೂರು ತಿರುಗಿ ಒಬ್ಬ ಹೆಂಗಸಿನ ಅಳುವನ್ನು ನಾನು ನಗೆಹನಿ ಮಾಡಿ ಹಂಚುತ್ತಿದ್ದೆ. ಅದೂ ಎಂಥ ದಡ್ಡತನ! ಬ್ಯಾಡಗಿಯವರಿಗೆ ಮೆಣಸಿನಕಾಯಿ ಘಾಟು ತಗಲುತ್ತದೆ ಎಂದು ನಂಬುವುದಕ್ಕೆ ಮನುಷ್ಯ ಹಾವೇರಿಯವನೇ ಆಗಿರಬೇಕು. ನಾಚಿಕೆಯಿಂದ ಕುಗ್ಗಿಹೋದೆ.

ಅವಳು ವಿಷಯಕ್ಕೆ ಬಂದಳು. ಗಂಟಲಲ್ಲಿ ಒಂದು ಗಡ್ಡೆ ಇದೆ. ಕೆಟ್ಟ ಗಡ್ಡೆಯಲ್ಲ, ಆದರೆ ತೆಗೆಯಲೇಬೇಕು. ಹುಬ್ಬಳ್ಳಿಯ ಡಾಕ್ಟರು ಆಪರೇಶನ್ನಿಗೆ ದಿನ ಕೊಟ್ಟಿದ್ದಾರೆ. ದನಿಯ ನರ ಅಲ್ಲೇ ಪಕ್ಕದಲ್ಲಿದೆಯಂತೆ. “ದನಿ ಬದ್ಲಾಗಬಹುದು, ಹೋದ್ರೂ ಹೋಗಬಹುದು, ಈಗ ಏನೂ ಹೇಳಾಕ ಬರೂದಿಲ್ಲ ಅಂದಾರ್ರಿ ಸರ. ನನಗ ಭಾಳ ಅಂಜಿಕಿ ಆಗೇತಿ. ಅದಕ್ಕಿಂತ ಮೊದಲ ಒಂದ್ ಎಪಿಸೋಡ್ ಬರದ ಕೊಡ್ರಿ. ಒಂದ ಒಂದು.”

ನನ್ನ ಉತ್ತರ ಕೇಳಿ. ಈಗಲೂ ನೆನೆದರೆ ಮೈ ಉರಿಯುತ್ತದೆ. “ಕಸ್ತೂರಕ್ಕ, ಅದು ಛಂದಾಗಿ ಮುಗದೈತಿ. ಈಗ ಮತ್ತ ಮುಟ್ಟಿದ್ರ ಕೆಡ್ತೈತಿ,” ಎಂದೆ.

“ಕೆಟ್ಟರ ಕೆಡ್ಲಿ ಬಿಡ್ರಿ ಸರ,” ಎಂದಳು. ಸಿಟ್ಟಿರಲಿಲ್ಲ, ಅಂಗನವಾಡಿಯ ಮಗುವಿಗೆ ಹೇಳುವ ಹಾಗೆ ಹೇಳಿದಳು. “ಛಂದಾಗಿ ಮುಗೀತು ಅಂತ ನೋಡಿದವರು ಹೇಳ್ತಾರ. ಮಾಡಿದವರನ್ನ ಯಾರ ಕೇಳ್ಯಾರ? ಇನ್ನೂ ಒಂದ್ ವರ್ಷ ನಡದು ಕೆಟ್ಟು ಹೋಗಿದ್ರ ಮಂದಿ ಬೈತಿದ್ರು. ಬೈಲಿ. ಆ ಒಂದ್ ವರ್ಷ ನಾ ನೀಲವ್ವ ಆಗಿರ್ತಿದ್ದೆ.”

ಬ್ಯಾಡಗಿ ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕುಳಿತಳು. ನಾನು ‘ಬರೀತೇನಿ’ ಎಂದೆನೋ ಇಲ್ಲವೋ ನನಗೇ ನೆನಪಿಲ್ಲ. ಅವಳಂತೂ ಹಾಗೇ ತಿಳಿದುಕೊಂಡು ಕೈಬೀಸಿದಳು.

ಬರೆಯಲು ಕುಳಿತ ಆ ಹದಿನೈದು ದಿನದ ಭಯವನ್ನು ಏನೆಂದು ಹೇಳಲಿ! ಟೈಪ್ ಮಷೀನಿನ ಕಾಲ ಹೋಗಿ ಕಂಪ್ಯೂಟರು ಬಂದಿದೆ. ಖಾಲಿ ತೆರೆಯ ಮೇಲೆ ಆ ಗೆರೆ ಮಿಣುಕ್ ಮಿಣುಕ್ ಎನ್ನುವುದನ್ನು ನೋಡುತ್ತಾ ಕುಳಿತರೆ ಜೀವ ಬಾಯಿಗೆ ಬರುತ್ತಿತ್ತು. ಒಂದು ಕಡೆ ನಲವತ್ತು ಕಂತುಗಳ ಮರ್ಯಾದೆ. ಅದರ ಮೇಲೆಯೇ ನನಗೆ ಊರಲ್ಲಿ ಕುರ್ಚಿ. ಇನ್ನೊಂದು ಕಡೆ ಆ ದನಿ. ಚೆನ್ನಾಗಿ ಬರೆಯಲಾರೆ ಎಂಬುದು ಗೊತ್ತೇ ಇತ್ತು. ನನ್ನಲ್ಲಿದ್ದ ನಗೆಯೆಲ್ಲ ಭಾಷಣಗಳಲ್ಲಿ ಖರ್ಚಾಗಿ ಹೋಗಿತ್ತು. ಶಾರದಾಳಿಗೆ ಹೇಳಿದೆ, “ಭಾಳ ಕೆಟ್ಟ ಆಗ್ತೈತಿ.”

“ಆಗ್ಲೇಳ್ರಿ,” ಎಂದಳು ಅವಳು, ಮೆಂತ್ಯೆಸೊಪ್ಪು ಬಿಡಿಸುತ್ತಾ. “ನಲವತ್ತರಾಗ ಎಲ್ಲಾನೂ ಛಂದ ಇದ್ವಾ? ಹದಿನೇಳನೇದು ನನಗ ಆಗ ಹಿಡಿಸಿದ್ದಿಲ್ಲ. ನೀವು ಅಂಜ್ತೀರಿ ಅಂತ ಸುಮ್ನ ಇದ್ದೆ.”

ಹನ್ನೆರಡು ವರ್ಷ! ಗಂಡ ಅಂಜುತ್ತಾನೆಂದು ಹದಿನೇಳನೆಯ ಕಂತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳಂತೆ. ಆ ಸಿಟ್ಟಿನಲ್ಲೇ ನಾಲ್ಕು ಪುಟ ಬರೆದು ಮುಗಿಸಿದೆ.

ಒಂದು ಭಾನುವಾರ ಬೆಳಗ್ಗೆ ಕಸ್ತೂರಕ್ಕನ ಮನೆಯ ಹಿತ್ತಲಲ್ಲಿ ಚಿತ್ರೀಕರಣ. ಕೇಬಲ್ ಚಾನೆಲ್ ಎಂದೋ ಮುಚ್ಚಿಹೋಗಿತ್ತು. ಈರಣ್ಣ ತನ್ನ ಮೊಬೈಲನ್ನೇ ಕೋಲಿಗೆ ಕಟ್ಟಿ ನಿಲ್ಲಿಸಿದ. ಆಗ ಓಣಿಯ ಗಂಡಸರ ಪಾತ್ರ ಮಾಡಿದವರಲ್ಲಿ ಒಬ್ಬ ಮೀಸೆಗೆ ಬಣ್ಣ ಹಚ್ಚಿಕೊಂಡು ಬಂದಿದ್ದ, ತಲೆಗೆ ಹಚ್ಚಲು ಮರೆತಿದ್ದ. ಮಧ್ಯದಲ್ಲಿ ಈರಣ್ಣನ ಫೋನಿಗೆ ಕರೆ ಬಂದು, ಒಳ್ಳೆಯದೊಂದು ಮಾತು ಅರ್ಧಕ್ಕೆ ತುಂಡಾಯಿತು. ನಾನು ಬರೆದ ಹಾಸ್ಯಗಳು ಒಂದೊಂದಾಗಿ ನೆಲಕ್ಕೆ ಬೀಳುವುದನ್ನು ನಿಂತು ನೋಡಿದೆ. ಕಸ್ತೂರಕ್ಕನಿಗೆ ಮಾತ್ರ ಅದ್ಯಾವುದರ ಪರಿವೆಯೂ ಇಲ್ಲ. “ಇನ್ನೊಮ್ಮೆ ಮಾಡ್ತೇನ್ರಿ ಸರ, ಇದು ಸರಿ ಆಗಲಿಲ್ಲ,” ಎಂದು ಸೆರಗು ಸಿಕ್ಕಿಸಿಕೊಂಡು ಮತ್ತೆ ಬಾಗಿಲಿಗೆ ಹೋಗಿ ನಿಲ್ಲುವಳು. ಗಂಟಲು ನೋಯುತ್ತಿದ್ದರೂ ಐದು ಸಲ ಮಾಡಿದಳು. ಐದನೆಯ ಸಲವೂ ಅದು ಮೊದಲಿನಷ್ಟೇ ಕೆಟ್ಟದಾಗಿತ್ತು. ಅವಳ ಮುಖ ಮಾತ್ರ ಬೆಳಗುತ್ತಿತ್ತು.

ಯೂಟ್ಯೂಬಿಗೆ ಹಾಕಿದರು. ಮೂರೂ ಊರಿನ ಮೊಬೈಲುಗಳಲ್ಲಿ ಓಡಾಡಿತು. ನಾಲ್ಕನೆಯ ದಿನ ನಾನು ಹಾವೇರಿಯ ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕುಳಿತಿದ್ದೆ. ಹಿಂದಿನ ಬೆಂಚಿನವನು, ನೊರೆಯೊಳಗಿನವನು ಯಾರೆಂದು ತಿಳಿಯದೆ, “ಹೊಸಾದು ನೋಡಿದೇನ? ಥೂ, ಬ್ಯಾಡಾಗಿತ್ತೋ ಮಾರಾಯ. ಇದ್ದ ಹೆಸರ ಕೆಡಿಸ್ಕೊಂಡ,” ಎಂದ.

ಹನ್ನೆರಡು ವರ್ಷದಿಂದ ನಾನು ಹೆದರಿದ್ದು ಇದೇ ಮಾತಿಗೆ. ಅಕ್ಷರಶಃ ಇದೇ. ಕಣ್ಣು ಮುಚ್ಚಿಕೊಂಡು, ಈಗ ಏನೋ ಆಗುತ್ತದೆ ಎಂದು ಕಾದೆ. ಕತ್ತಿ ಗದ್ದದ ಮೇಲೆ ಸರಸರ ಸರಿಯಿತು. ಹೊರಗೆ ಹೈವೇ ಕಡೆಯಿಂದ ಲಾರಿಗಳ ಹಾರನ್ ಕೇಳಿಸಿತು. ಏನೂ ಆಗಲಿಲ್ಲ. ಮನೆಗೆ ಹೋಗಿ ಎರಡು ರೊಟ್ಟಿ ಜಾಸ್ತಿಯೇ ತಿಂದೆ.

ಆದರೆ ಆ ಭಯ ಹೋದ ಜಾಗ ಖಾಲಿ ಇರಲಿಲ್ಲ, ನಿಜವಾದದ್ದು ಬಂದು ಕುಳಿತಿತ್ತು. ಆಪರೇಶನ್ನಿನ ದಿನ ಹತ್ತಿರ ಬಂತು. ಹಿಂದಿನ ಶನಿವಾರ ಶಾರದಾ ನನ್ನನ್ನು ಕದರಮಂಡಲಗಿಗೆ ಎಳೆದುಕೊಂಡು ಹೋದಳು. ಅಲ್ಲಿನ ಹನುಮಪ್ಪ, ಕಾಂತೇಶನ ಎದುರು ನಿಂತು ಏನು ಬೇಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಆ ದನಿ ಇದ್ದಂತೆಯೇ ಇರಲಿ ಎನ್ನಲು ಬಾಯಿ ತೆರೆದೆ. ಇದ್ದಂತೆಯೇ ಇರಲಿ ಎಂದು ಹಟ ಹಿಡಿದೇ ಅಲ್ಲವೇ ಹನ್ನೆರಡು ವರ್ಷ ಅದನ್ನು ಮೂಲೆಗೆ ಕೂರಿಸಿದ್ದು ಎನಿಸಿ ಸುಮ್ಮನಾದೆ. ಹೇಗಾದರೂ ಇರಲಿ, ಇರಲಿ ಅಷ್ಟೇ ಎಂದುಕೊಂಡು ತೀರ್ಥ ಕುಡಿದು ಬಂದೆ.

ಆಪರೇಶನ್ ಆಯಿತು, ಜೀವಕ್ಕೇನೂ ಅಪಾಯವಿಲ್ಲ ಎಂದು ಅವಳ ಗಂಡ ತಿಳಿಸಿದ. ದನಿ? “ಇನ್ನೂ ಮಾತಾಡಿಲ್ರಿ,” ಎಂದ. ಒಂದು ದಿನ, ಎರಡು ದಿನ, ಒಂದು ವಾರ. ನಾನಾಗಿ ಫೋನು ಮಾಡಲು ಧೈರ್ಯವಿಲ್ಲ. ಫೋನು ಬಂದರೆ ಎತ್ತಲು ಧೈರ್ಯವಿಲ್ಲ. ಅಂಗಡಿಯಲ್ಲಿ ಒಂದು ದಾವೆಯ ಅರ್ಜಿಯಲ್ಲಿ ವಾದಿಯನ್ನೂ ಪ್ರತಿವಾದಿಯನ್ನೂ ಅದಲುಬದಲು ಮಾಡಿ ಟೈಪಿಸಿ ವಕೀಲರಿಂದ ಬೈಸಿಕೊಂಡೆ.

ಹತ್ತನೆಯ ದಿನ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಎತ್ತಿದೆ. ಆಚೆಯಿಂದ ಒಣಗಿದ ಜೋಳದ ದಂಟು ಮುರಿದಂಥ ಸಪ್ಪಳ. ಗಂಡೋ ಹೆಣ್ಣೋ ತಿಳಿಯದು.

“ಯಾರ್ ಬೇಕಾಗಿತ್ರಿ? ರಾಂಗ್ ನಂಬರ್ ಇರಬೇಕು,” ಎಂದೆ.

ಆ ಸಪ್ಪಳ ಇನ್ನೂ ಜೋರಾಯಿತು. ನಗು ಅದು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಹೋಗಿ ಬೆಂಚಿನ ಮೇಲೆ ಕುಳಿತೆ. ಅರ್ಜಿ ಟೈಪು ಮಾಡಿಸಲು ಬಂದು ಪಕ್ಕದಲ್ಲಿ ಕುಳಿತಿದ್ದ ವಾದಿಯೊಬ್ಬ ನನ್ನನ್ನೇ ನೋಡುತ್ತಿದ್ದ.

“ನಾನ್ರಿ ಸರ, ಕಸ್ತೂರಿ. ಅಂಜಬ್ಯಾಡ್ರಿ.” ಒಂದೊಂದು ಮಾತಿಗೂ ಉಸಿರೆಳೆದುಕೊಂಡು ಹೇಳಿದಳು. “ದನಿ ಮುಂಚಿನಕಿಂತ ಕೆಟ್ಟೈತ್ರಿ. ಭಾಳ ಕೆಟ್ಟೈತಿ. ಆದ್ರ ನಂದ ಐತಿ.”

“ಇನ್ನೊಮ್ಮೆ ಹೇಳ್ರಿ ಕಸ್ತೂರಕ್ಕ,” ಎಂದೆ, “ಸಾವಕಾಶ ಹೇಳ್ರಿ.” ಹೇಳುತ್ತಲೇ ಪಕ್ಕದ ವಾದಿಯ ಜೇಬಿನಿಂದ ಪೆನ್ನು ಕಿತ್ತುಕೊಂಡು, ನೀಲವ್ವನ ಮುಂದಿನ ಕಂತಿಗೆಂದು ಬರೆದುಕೊಳ್ಳಲು ಶುರುಮಾಡಿದೆ.